ನಾಲೆಯ ಕೊನೆಗೆ ನೀರಿಲ್ಲ, ಪೆಂಡಾಲಿನ ಕೊನೆಗೆ ಮಾತಿಲ್ಲ

ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ರಾತ್ರಿ ಕುರುಕ್ಷೇತ್ರ ನಾಟಕ. ಸ್ಟೇಜಿನ ಎರಡೂ ಪಕ್ಕ ಆಳೆತ್ತರದ ಬಾಕ್ಸುಗಳು. ಮುಂದೆ ಚಾಪೆ ಮೇಲೆ ಕೂತ ಮಕ್ಕಳು ಕಿವಿ ಮುಚ್ಚಿಕೊಂಡಿದ್ದವು. ಹಿಂದೆ ಮನೆ ಜಗಲಿ ಮೇಲೆ ಹೆಂಗಸರ ಜೊತೆ ಕೂತಿದ್ದ ಅಜ್ಜಿಯೊಬ್ಬರು ನನ್ನನ್ನು ಕೇಳಿದರು: 'ದುರ್ಯೋಧನ ಏನಂತ ಯೋಳ್ತಾವ್ನೆ ಮಗಾ?'

ನನಗೂ ಗೊತ್ತಾಗಲಿಲ್ಲ. ಹಾರ್ಮೋನಿಯಂ ಕೇಳುತ್ತಿತ್ತು, ತಬಲಾ ಕೇಳುತ್ತಿತ್ತು. ಮಾತು ಮಾತ್ರ ಕಲಸಿಹೋಗಿತ್ತು. ಯಾರೋ 'ಸೌಂಡ್ ಜಾಸ್ತಿ ಮಾಡ್ರಪ್ಪಾ' ಅಂತ ಕೂಗಿದರು. ಮೈಕ್‌ಸೆಟ್ಟಿನವರು ಮಾಡಿದರು. ಮಕ್ಕಳು ಎದ್ದು ಓಡಿದವು. ಅಜ್ಜಿಗೆ ಆಗಲೂ ತಿಳಿಯಲಿಲ್ಲ. ಪಾತ್ರಧಾರಿ ರೈತರು ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ಮೇಷ್ಟ್ರ ಮುಂದೆ ಕೂತು ಕಲಿತ ಮಾತುಗಳವು.

ಮಂಡ್ಯದವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ವಿಶ್ವೇಶ್ವರಯ್ಯ ನಾಲೆಗೆ ಕೆಆರ್‌ಎಸ್‌ನಿಂದ ನೀರು ಬಿಟ್ಟರೂ ನಮಗೆ ತಲುಪಿಲ್ಲ ಅಂತ ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತರು ದೂರುವುದನ್ನು ಕೇಳಿದ್ದೀರಿ. ತೂಬಿನ ಪಕ್ಕದ ಗದ್ದೆ ಮುಳುಗಿಸಿದರೆ ಕೊನೆ ಗದ್ದೆ ನೆನೆಯಲ್ಲ. ಸದ್ದಿನ ಕಥೆಯೂ ಅಷ್ಟೇ. ಕೊರತೆ ಇರೋದು ಹಂಚಿಕೆಯಲ್ಲಿ.

ಲೆಕ್ಕ ಹಾಕೋಣ

ನಾನು ಓದಿದ್ದು ಇಂಜಿನಿಯರಿಂಗ್. ಆ ಓದಿನಲ್ಲಿ ಈಗಲೂ ನೆನಪಿರೋ ಒಂದು ಲೆಕ್ಕ ಇದು. ಬಯಲಿನಲ್ಲಿ ಬಾಕ್ಸಿನಿಂದ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 4 ಮೀಟರಿನಲ್ಲಿ 100 ಇದ್ದರೆ 8ರಲ್ಲಿ 94, 16ರಲ್ಲಿ 88, 32ರಲ್ಲಿ 82, 64ರಲ್ಲಿ 76. ಮುಂದಿನ ಸಾಲಿಗೂ ಜಗಲಿಗೂ 24 ಡೆಸಿಬೆಲ್ ಅಂತರ. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಮ್ಮಿ ಅರ್ಧವಾದಂತೆ. ವಾಲ್ಯೂಮ್ ಏರಿಸಿದರೆ ಎಲ್ಲ ಕಡೆ ಅಷ್ಟಷ್ಟೇ ಏರುತ್ತದೆ, ಅಂತರ ಹಾಗೇ ಉಳಿಯುತ್ತದೆ.

76 ಅಂದ್ರೆ ಕೇಳಿಸಬೇಕಲ್ವಾ? ಸದ್ದು ಕೇಳಿಸುತ್ತೆ, ಮಾತು ತಿಳಿಯಲ್ಲ. ಮಾತನ್ನು ಬಿಡಿಸಿ ಕೊಡೋದು ಕ, ತ, ಪ, ಸ ಥರದ ವ್ಯಂಜನಗಳು. ಅವುಗಳ ಜೀವ ಇರೋದು ಎತ್ತರದ ಸ್ವರಗಳಲ್ಲಿ. ಅವು ನೇರವಾಗಿ ಹೋಗುತ್ತವೆ. ಬಾಕ್ಸು ನೆಲದ ಮೇಲಿದ್ದರೆ ಮುಂದೆ ಕೂತವರ ಮೈಕೈಯೇ ಅವನ್ನು ಹೀರಿಬಿಡುತ್ತದೆ. ತಬಲಾದ ಗುಮುಕು ಮಾತ್ರ ಎಲ್ಲವನ್ನೂ ಬಳಸಿಕೊಂಡು ಹಿಂದೆ ಬರುತ್ತದೆ.

ಉಪನಾಲೆ ತೋಡಿ

ಮೊದಲ ಕೆಲಸ, ಬಾಕ್ಸುಗಳನ್ನು ಜನರ ತಲೆಗಿಂತ ಮೇಲೆ ಭದ್ರವಾಗಿ ಏರಿಸಿ, ಹಿಂದಿನ ಸಾಲುಗಳ ಕಡೆ ಮುಖ ಮಾಡುವುದು. ಆಗ ಮುಂದಿನವರಿಗೆ ಬಾಕ್ಸು ದೂರವಾಗುತ್ತದೆ, ಹಿಂದಿನವರಿಗೆ ದಾರಿ ತೆರೆಯುತ್ತದೆ.

ಎರಡನೆಯದು, ನಡುವೆ ಎರಡು ಚಿಕ್ಕ ಬಾಕ್ಸು. ಆದರೆ ಸುಮ್ಮನೆ ವೈರು ಎಳೆದರೆ ಸಾಲದು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸ್ಟೇಜಿನ ಸದ್ದು 34 ಮೀಟರ್ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ, ಅಂದರೆ 100 ಮಿಲಿಸೆಕೆಂಡ್ ಬೇಕು. ವೈರಿನಲ್ಲಿ ಅದು ಕ್ಷಣಮಾತ್ರದಲ್ಲಿ ಬಂದಿರುತ್ತದೆ. ಹೀಗಾಗಿ ಮಾತು ಎರಡೆರಡು ಸಲ ಕೇಳುತ್ತದೆ. ಹಿಂದಿನ ಬಾಕ್ಸಿಗೆ 100 ಮಿಲಿಸೆಕೆಂಡ್ ಡಿಲೇ ಕೊಟ್ಟು, ಮೇಲೆ ಹತ್ತು ಹದಿನೈದು ಸೇರಿಸಿದರೆ ದುರ್ಯೋಧನ ಸ್ಟೇಜಿನಿಂದಲೇ ಮಾತಾಡಿದಂತೆ ಕಿವಿ ನಂಬುತ್ತದೆ. ಡಿಜಿಟಲ್ ಮಿಕ್ಸರ್ ಇದ್ದರೆ ಸಾಮಾನ್ಯವಾಗಿ ಈ ಸೌಲಭ್ಯ ಅದರಲ್ಲೇ ಇರುತ್ತದೆ.

ಮಳವಳ್ಳಿ ಸೀಮೆಯಲ್ಲಿ ಮಂಟೇಸ್ವಾಮಿ, ಸಿದ್ಧಪ್ಪಾಜಿ ಕಥೆ ಹಾಡುವ ನೀಲಗಾರರಿಗೆ ಈ ತಂತ್ರ ಬೇಕಿರಲಿಲ್ಲ. ತಂಬೂರಿ ಹಿಡಿದು ಕೂತರೆ ಜನ ಸುತ್ತ ಹತ್ತಿರದಲ್ಲೇ ಕೂರುತ್ತಿದ್ದರು. ಅವರನ್ನೂ ಎತ್ತರದ ಸ್ಟೇಜಿಗೆ ಹತ್ತಿಸಿ ದೂರ ಮಾಡಿದ್ದೇವೆ. ಆ ದೂರವನ್ನು ತುಂಬಿಸುವ ಹೊಣೆಯೂ ನಮ್ಮದೇ.

ಕಾನೂನಿನ ಬಾಬತ್ತು

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ರಿಯಾಯಿತಿ ಕೊಡಬಹುದು. ಸಾರ್ವಜನಿಕ ಜಾಗದ ಅಂಚಿನಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನು ದಾಟಬಾರದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45. ಎಲ್ಲರನ್ನೂ ಒಂದೇ ಕಡೆಯಿಂದ ತಲುಪಲು ಅಬ್ಬರಿಸುವ ಸ್ಟೇಜು ಈ ಗೆರೆಯನ್ನು ಬಲುಬೇಗ ದಾಟುತ್ತದೆ. ಕೇಳುಗರ ಹತ್ತಿರವೇ ಇಟ್ಟ ಚಿಕ್ಕ ಬಾಕ್ಸು ಮೆಲ್ಲಗೆ ಮಾತಾಡಿದರೂ ಸಾಕು. ಪಕ್ಕದ ಬೀದಿಯ ಹಸುಗೂಸು ನಿದ್ದೆ ಮಾಡಬಹುದು, ಅಜ್ಜಿ ನಾಟಕ ಕೇಳಬಹುದು.

ಇದು ನಾಟಕಕ್ಕಷ್ಟೇ ಸೀಮಿತವಲ್ಲ. ಮಂಡ್ಯದಲ್ಲಿ ಕಾವೇರಿ ಹೋರಾಟ ಇರಲಿ, ರೈತ ಸಮಾವೇಶ ಇರಲಿ, ಕೂಲಿ ಬಿಟ್ಟು ತಡವಾಗಿ ಬಂದವರು ಹಿಂದೆಯೇ ನಿಲ್ಲುತ್ತಾರೆ. ಮಾತು ತಲುಪದಿದ್ದರೆ ಅವರು ನಮ್ಮ ಸಭೆಯ ತಲೆ ಎಣಿಕೆಗೆ ಮಾತ್ರ ಬಂದಂತೆ.

ಮುಂದಿನ ಸಲ ನಿಮ್ಮ ಸಂಘಟನೆ ಕಾರ್ಯಕ್ರಮ ಮಾಡುವಾಗ, ಸ್ಟೇಜ್ ಮೇಲೆ 'ಹಲೋ, ಮೈಕ್ ಟೆಸ್ಟಿಂಗ್' ಅನ್ನೋಕೆ ಒಬ್ಬರು ಸಾಕು. ನೀವು ಹೋಗಿ ಕೊನೇ ಸಾಲಿನಲ್ಲಿ ನಿಲ್ಲಿ. ನಿಮಗೆ ಮಾತು ತಿಳಿದ ಮೇಲೆ ಸಭೆ ಶುರುವಾಗಲಿ.