ದುಡ್ಡು ಕೊಟ್ಟದ್ದು ನಿಜ, ಕೊಂಡದ್ದು ಏನು?

ಸುದ್ದಗುಂಟೆಪಾಳ್ಯ ಪಿಜಿಗಳ ಬೀಡು. ಒಂದು ಕಡೆ ಹೊಸೂರು ರಸ್ತೆ, ಇನ್ನೊಂದು ಕಡೆ ಬನ್ನೇರುಘಟ್ಟ ರಸ್ತೆ, ನಡುವೆ ಕ್ರೈಸ್ಟ್ ವಿಶ್ವವಿದ್ಯಾಲಯ; ತಾವರೆಕೆರೆ ಕಡೆಗೆ ಹೋಗುವ ಅಡ್ಡರಸ್ತೆಗಳ ತುಂಬ ಊಟ, ವೈಫೈ ಸಮೇತ ರೂಮು ಕೊಡುವ ಬೋರ್ಡುಗಳು. ಊಟ ಸರಿಯಿಲ್ಲದಿದ್ದರೆ ಇಲ್ಲಿನ ಹುಡುಗರು ಪಿಜಿ ಬದಲಿಸುತ್ತಾರೆ, ವೈಫೈ ಕೈಕೊಟ್ಟರೆ ಓನರ್ ಬಾಗಿಲು ಬಡಿಯುತ್ತಾರೆ. ಅದೇ ವೈಫೈ ಮೇಲೆ ಆಡುವ ಆಟದ ಕಂಪನಿ ಕೈಕೊಟ್ಟಾಗ ಮಾತ್ರ ಬಡಿಯುವುದಕ್ಕೆ ಬಾಗಿಲೇ ಸಿಗುವುದಿಲ್ಲ. ಈ ಸಿಟ್ಟನ್ನು ದೊಡ್ಡವರು ಸಾಮಾನ್ಯವಾಗಿ ಹುಡುಗಾಟಿಕೆ ಎಂದು ತಳ್ಳಿಹಾಕುತ್ತಾರೆ. ಹಾಗೆ ತಳ್ಳಿಹಾಕುವಂಥದ್ದಲ್ಲ ಅದು. ಇವತ್ತು ಆಟದಲ್ಲಿ ನಡೆದದ್ದೇ ನಾಳೆ ಸ್ಕೂಟರಿನಲ್ಲಿ, ಟಿವಿಯಲ್ಲಿ, ಮಕ್ಕಳ ಪಾಠದಲ್ಲಿ ನಡೆಯುತ್ತದೆ. ಕೆಲವು ಕಡೆ ಈಗಾಗಲೇ ನಡೆದಿದೆ.

ಪಬ್‌ಜಿ ಮೊಬೈಲ್ ಕಥೆಯನ್ನೇ ನೋಡಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಪಬ್‌ಜಿಯೂ ಇತ್ತು. ಅಕ್ಟೋಬರ್ 30ಕ್ಕೆ ಭಾರತದ ಆಟಗಾರರಿಗೆ ಸರ್ವರ್ ಬಂದ್ ಆಯಿತು. ಮರುವರ್ಷದ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಬಿಜಿಎಂಐ ಎಂಬ ಹೆಸರಿನಲ್ಲಿ ಭಾರತಕ್ಕೆಂದೇ ತಂದಿತು. ಹಳೆಯ ಖಾತೆಯ ಸಾಮಾನನ್ನು ಹೊಸ ಖಾತೆಗೆ ಸಾಗಿಸಿಕೊಳ್ಳಲು ಒಂದು ಗಡುವು ಕೊಟ್ಟರು; ಗಡುವು ತಪ್ಪಿದವರದ್ದು ಹೋಯಿತು. 2022ರ ಜುಲೈ 28ಕ್ಕೆ ಬಿಜಿಎಂಐ ಕೂಡ ಪ್ಲೇ ಸ್ಟೋರಿನಿಂದ, ಆಪ್ ಸ್ಟೋರಿನಿಂದ ಮಾಯವಾಯಿತು. ಮೊಬೈಲಿನಲ್ಲಿ ಮೊದಲೇ ಇದ್ದವರಿಗೆ ಆಟ ನಡೆಯುತ್ತಿತ್ತು. ಹೊಸ ಮೊಬೈಲ್ ಕೊಂಡವರಿಗೆ ಮತ್ತೆ ಇಳಿಸಿಕೊಳ್ಳುವ ನೇರ ದಾರಿ ಇರಲಿಲ್ಲ. 2023ರ ಮೇ ಕೊನೆಯಲ್ಲಿ ಮತ್ತೆ ಬಂತು. ಮೂರು ವರ್ಷದಲ್ಲಿ ಎರಡು ಸಲ ಬಾಗಿಲು ಹಾಕಿ ಎರಡು ಸಲ ತೆರೆದ ಅಂಗಡಿ ಇದು. ಪ್ರತಿ ಸಲವೂ ಒಳಗಿದ್ದ ಸಾಮಾನು ಗ್ರಾಹಕನದ್ದೋ ಅಂಗಡಿಯವನದ್ದೋ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆ ಸಾಮಾನು ಏನೆಂದು ಆಡದವರಿಗೆ ಹೇಳಬೇಕು. ಆಟ ಪುಕ್ಕಟೆ. ಆದರೆ ಬಂದೂಕಿನ ಬಣ್ಣ, ಅಂಗಿ, ಹೆಲ್ಮೆಟ್, ಕುಣಿತ ಎಲ್ಲಕ್ಕೂ ಬೆಲೆ ಇದೆ. ಆಡುವವರ ಮಾತಿನಲ್ಲಿ ಇವು ‘ಸ್ಕಿನ್’. ಬೆಲೆ ರೂಪಾಯಿಯಲ್ಲಿ ಇರುವುದಿಲ್ಲ, ‘ಯುಸಿ’ ಎಂಬ ಆಟದೊಳಗಿನ ನಾಣ್ಯದಲ್ಲಿ ಇರುತ್ತದೆ. ಯುಸಿಯನ್ನು ಬಿಡಿಯಾಗಿ ಮಾರುವುದಿಲ್ಲ, ಕಟ್ಟು ಕಟ್ಟಾಗಿ ಮಾರುತ್ತಾರೆ. ಈ ಬಗೆಯ ಆಟಗಳ ಲೆಕ್ಕಾಚಾರ ಹೀಗಿರುತ್ತದೆ: ಸಾಮಾನಿನ ಬೆಲೆ 80 ಎಂದಿಟ್ಟುಕೊಳ್ಳಿ, ಕಟ್ಟಿನಲ್ಲಿ ಇರುವುದು 60. ಎರಡು ಕಟ್ಟು ಕೊಂಡರೆ 40 ಮಿಕ್ಕುತ್ತದೆ. ಮಿಕ್ಕಿದ್ದು ರೂಪಾಯಿಯಾಗಿ ವಾಪಸ್ ಬರುವುದಿಲ್ಲ. ಅದು ಕೈಯಲ್ಲಿರುವ ತನಕ ಮತ್ತೊಂದು ಕಟ್ಟು ಕೊಳ್ಳಬೇಕೆನ್ನಿಸುತ್ತದೆ. ಇದರ ಮೇಲೆ ‘ಕ್ರೇಟ್’ ಬೇರೆ. ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯಬೇಕು, ಒಳಗೆ ಏನಿದೆ ಎಂದು ಮೊದಲು ತಿಳಿಯದು. ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜು ಎಂದು ಪರಿಗಣಿಸಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಕಣ್ಣಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮೇಲೆ. ಹಣ ಕಟ್ಟಿ ಬಣ್ಣದ ಅಂಗಿ ಗೆಲ್ಲುವುದು, ಆ ಅಂಗಿಯನ್ನು ಮಾರಲೂ ಆಗದಿರುವುದು ಆ ಕಾಯ್ದೆಗೆ ಅಷ್ಟಾಗಿ ತಾಗುವುದಿಲ್ಲ. ರಮ್ಮಿ ನಿಂತಿತು ಎಂದು ಸಮಾಧಾನಪಟ್ಟ ತಂದೆತಾಯಿ ತಮ್ಮ ಯುಪಿಐ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಗೇಮ್ ಎಂದರೆ ಎಸ್‌ಪಿ ರಸ್ತೆಯಲ್ಲೋ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಸಿಗುವ ಸಿಡಿ. ಅದರಲ್ಲಿ ಬಹುಪಾಲು ಕಳ್ಳಮಾಲು ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅಸಲಿ ಸಿಡಿ ಕೊಂಡವನಿಗೆ ಅದರ ಮೇಲೆ ಒಂದಿಷ್ಟು ಹಕ್ಕಿತ್ತು: ಗೆಳೆಯನಿಗೆ ಕೊಡಬಹುದು, ಅರ್ಧ ಬೆಲೆಗೆ ಮಾರಬಹುದು, ಕಂಪನಿ ದಿವಾಳಿಯಾದ ಮೇಲೂ ಆಡಬಹುದು. ಕಳ್ಳಮಾಲು ತಡೆಯಬೇಕೆಂಬ ನ್ಯಾಯವಾದ ಕಾರಣ ಹೇಳಿಕೊಂಡೇ ಉದ್ಯಮ ಆಟವನ್ನು ಸರ್ವರಿಗೆ ಕಟ್ಟಿಹಾಕಿತು. ಕಟ್ಟಿದ ಮೇಲೆ ಕಳ್ಳನ ಜೊತೆಗೆ ಗ್ರಾಹಕನೂ ಸಿಕ್ಕಿಬಿದ್ದ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ ‘ದಿ ಕ್ರೂ’ ಎಂಬ ಕಾರ್ ಓಟದ ಆಟ ಮಾರಿತು. ಪುಕ್ಕಟೆ ಆಟವಲ್ಲ, ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕಾದದ್ದು. ಡಿಸ್ಕ್ ರೂಪದಲ್ಲೂ ಸಿಗುತ್ತಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಡಿಸ್ಕ್ ಕಪಾಟಿನಲ್ಲಿ ಇದ್ದಂತೆ ಇದೆ, ಆಟ ಇಲ್ಲ. ಒಬ್ಬನೇ ಕೂತು ಆಡುವ ಭಾಗವೂ ಹೋಯಿತು. ಈ ಸಿಟ್ಟಿನಿಂದ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಶುರುಮಾಡಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸಿದ ನಾಗರಿಕ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದ್ದವು.

ಇದಕ್ಕೆ ಕಂಪನಿಗಳ ಮೊದಲ ಉತ್ತರ ಗೊತ್ತೇ ಇದೆ: ನೀವು ಕೊಂಡಿದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು, ನಿಯಮಾವಳಿಯಲ್ಲಿ ಬರೆದಿದೆ, ನೀವು ‘ಒಪ್ಪಿದೆ’ ಎಂದು ಒತ್ತಿದ್ದೀರಿ. ಕಾಗದದ ಮಟ್ಟಿಗೆ ಇದು ನಿಜ. ಆದರೆ ಒತ್ತುವ ಮುಂಚೆ ಎದುರಿಗಿದ್ದ ಗುಂಡಿಯ ಮೇಲೆ ಇದ್ದದ್ದು ‘ಬೈ’ ಎಂಬ ಪದ. ಮಾರುವಾಗ ಮಾರಾಟದ ಮಾತು, ಕಿತ್ತುಕೊಳ್ಳುವಾಗ ಪರವಾನಗಿಯ ಮಾತು. ಈ ಎರಡು ನಾಲಿಗೆ ಕಂಡೇ ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾಯ್ದೆ ಮಾಡಿತು. ಅದರ ಪ್ರಕಾರ 2025ರ ಜನವರಿಯಿಂದ, ಹಿಂದಕ್ಕೆ ಪಡೆಯಬಹುದಾದ ಡಿಜಿಟಲ್ ಸರಕನ್ನು ‘ಬೈ’ ಎಂದು ಮಾರಬೇಕಾದರೆ ಅದು ಬರೀ ಪರವಾನಗಿ ಎಂದು ಅಲ್ಲೇ ಸ್ಪಷ್ಟವಾಗಿ ತಿಳಿಸಬೇಕು. ಸ್ಟೀಮ್ ಎಂಬ ದೊಡ್ಡ ಗೇಮ್ ಅಂಗಡಿ ಆ ಸೂಚನೆಯನ್ನು ದುಡ್ಡು ಕಟ್ಟುವ ಪುಟದಲ್ಲೇ ಹಾಕಿತು.

ಒತ್ತಿದ ಮಾತ್ರಕ್ಕೆ ಎಲ್ಲಕ್ಕೂ ಬದ್ಧ ಎಂಬ ವಾದವನ್ನು ನ್ಯಾಯಾಲಯಗಳೂ ಕಣ್ಣುಮುಚ್ಚಿ ಒಪ್ಪಿಲ್ಲ. ಅದೇ ಸ್ಟೀಮ್ ನಡೆಸುವ ವಾಲ್ವ್ ಕಂಪನಿ, ನಮಗೆ ಅಮೆರಿಕದ ಕಾನೂನು ಅನ್ವಯ, ಹಣ ವಾಪಸ್ ಕೊಡುವ ನಿಮ್ಮ ನಿಯಮ ನಮಗೆ ಬೇಡ ಎಂದು ಆಸ್ಟ್ರೇಲಿಯಾದಲ್ಲಿ ವಾದಿಸಿತ್ತು. ಅಲ್ಲಿನ ಕೋರ್ಟು ಒಪ್ಪದೆ 2016ರಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ನಮ್ಮಲ್ಲಿ ಇಂಥ ವಾದ ಹೆಚ್ಚು ಕೇಳಿಬಂದಿರುವುದು ಫ್ಲಾಟ್ ವ್ಯವಹಾರದಲ್ಲಿ. ಬಿಲ್ಡರ್ ಬರೆಸಿಕೊಂಡ ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಮಾರ್ ಪ್ರಕರಣದಲ್ಲಿ ಹೇಳಿತು. ಏಕಪಕ್ಷೀಯವಾಗಿ ಬರೆದ ಷರತ್ತು ಅನುಚಿತ ವ್ಯಾಪಾರ ಪದ್ಧತಿಯೇ ಎಂದು 2019ರಲ್ಲಿ ಪಯೊನಿಯರ್ ಪ್ರಕರಣದಲ್ಲಿ ಹೇಳಿತು. ಕೋಟಿ ರೂಪಾಯಿಯ ಫ್ಲಾಟಿಗೆ ಒಪ್ಪುವ ನ್ಯಾಯ ನೂರು ರೂಪಾಯಿಯ ಸ್ಕಿನ್ನಿಗೆ ಯಾಕೆ ಒಪ್ಪಬಾರದು?

ಎರಡನೆಯ ಆಕ್ಷೇಪಕ್ಕೆ ಇನ್ನೂ ತೂಕವಿದೆ. ಸರ್ವರ್ ನಡೆಸುವುದಕ್ಕೆ ಖರ್ಚಿದೆ; ಹತ್ತು ಜನ ಆಡುವ ಆಟವನ್ನು ಕೊನೆಯಿಲ್ಲದೆ ನಡೆಸಿ ಎಂದು ಯಾವ ಕಂಪನಿಗೂ ಹೇಳಲಾಗದು. ಸರಿ. ಆದರೆ ಆಟಗಾರರು ಕೇಳುತ್ತಿರುವುದು ಅದನ್ನಲ್ಲ, ಮುಚ್ಚುವಾಗ ನೆಟ್ಟಗೆ ಮುಚ್ಚಿ ಎಂದು. ದರ್ಶಿನಿಯಲ್ಲಿ ಟೋಕನ್ ಕೊಂಡ ಮೇಲೆ ದೋಸೆ ಹಿಟ್ಟು ಮುಗಿಯಿತು ಎಂದರೆ ಕ್ಯಾಷಿಯರ್ ಜಗಳವಿಲ್ಲದೆ ದುಡ್ಡು ವಾಪಸ್ ಕೊಡುತ್ತಾನೆ. ಹಿಟ್ಟು ರುಬ್ಬಿಯೇ ಕೊಡು ಎಂದು ಯಾರೂ ಹಟ ಹಿಡಿಯುವುದಿಲ್ಲ. ಹಾಗೆ ಮುಚ್ಚಿದ ಉದಾಹರಣೆಗಳು ಆಟದ ಉದ್ಯಮದಲ್ಲೂ ಇವೆ. ಗೂಗಲ್ ತನ್ನ ಸ್ಟೇಡಿಯಾ ಸೇವೆಯನ್ನು 2023ರ ಜನವರಿಯಲ್ಲಿ ನಿಲ್ಲಿಸಿದಾಗ ತನ್ನ ಅಂಗಡಿಯಲ್ಲಿ ಮಾರಿದ ಆಟಗಳ, ಉಪಕರಣಗಳ ಹಣ ಹಿಂದಿರುಗಿಸಿತು. ಕೈಯಲ್ಲಿದ್ದ ಕಂಟ್ರೋಲರ್ ಕಸವಾಗದಿರಲೆಂದು ಬ್ಲೂಟೂತ್ ಮೂಲಕ ಬೇರೆ ಕಡೆ ಬಳಸುವ ದಾರಿಯನ್ನೂ ತೆರೆಯಿತು. ಸೋನಿ 2024ರ ಆಗಸ್ಟ್‌ನಲ್ಲಿ ಬಿಟ್ಟ ‘ಕಾಂಕಾರ್ಡ್’ ನೆಲಕಚ್ಚಿದಾಗ ಎರಡೇ ವಾರದಲ್ಲಿ ಹಿಂತೆಗೆದುಕೊಂಡು ಹಣ ಕೊಟ್ಟಿತು. ಕೂಗೆದ್ದ ಮೇಲೆ ಯೂಬಿಸಾಫ್ಟ್ ಕೂಡ ‘ದಿ ಕ್ರೂ 2’ಕ್ಕೆ ಆಫ್‌ಲೈನ್ ಆಟದ ಸೌಲಭ್ಯ ಘೋಷಿಸಿತು. ಹಾಗಾದರೆ ತಾಂತ್ರಿಕವಾಗಿ ಆಗದ ಕೆಲಸವೇನಲ್ಲ. ಮನಸ್ಸು ಮಾಡಿದರೆ ಆಗುತ್ತದೆ. ಮನಸ್ಸು ಮಾಡುವಂತೆ ಮಾಡುವ ನಿಯಮ ಮಾತ್ರ ಇಲ್ಲ.

ಪಬ್‌ಜಿಯನ್ನು ಮುಚ್ಚಿಸಿದ್ದು ಸರ್ಕಾರ, ಕಂಪನಿಯನ್ನು ದೂರಿ ಏನು ಫಲ ಎಂದೂ ಕೇಳಬಹುದು. ದೂರಬೇಕಾದದ್ದು ನಿಷೇಧವನ್ನಲ್ಲ, ನಿಷೇಧದ ನಷ್ಟ ಯಾರ ತಲೆಗೆ ಬಂತು ಎಂಬುದನ್ನು. ಬಳಸದೆ ಉಳಿದ ಯುಸಿ ಎಷ್ಟು, ಯಾರದ್ದು ಎಂಬ ಲೆಕ್ಕ ಕಂಪನಿಯ ಸರ್ವರಿನಲ್ಲಿ ಕಾಸಿಗೆ ಕಾಸು ಇರುತ್ತದೆ. 2025ರಲ್ಲಿ ಹಣದಾಟಗಳು ನಿಂತಾಗ ಆಪ್‌ನಲ್ಲಿ ಉಳಿದ ಹಣ ವಾಪಸ್ ತೆಗೆದುಕೊಳ್ಳಿ ಎಂದು ದೊಡ್ಡ ಕಂಪನಿಗಳೇ ಸಾರಿದವು. ಜೂಜಿನ ಬಾಕಿ ಹಿಂದೆ ಬರಬಹುದಾದರೆ ಆಟದ ಬಾಕಿಯೂ ಬರಬಹುದಿತ್ತು.

ಇನ್ನು ‘ಆಟ ತಾನೆ, ಬಿಡಿ’ ಎನ್ನುವವರು ಸುದ್ದಗುಂಟೆಪಾಳ್ಯದ ಪಕ್ಕದ ಬನ್ನೇರುಘಟ್ಟ ರಸ್ತೆಗೆ ಒಮ್ಮೆ ಬರಬೇಕು. ಅಲ್ಲಿನ ಐಬಿಸಿ ನಾಲೆಡ್ಜ್ ಪಾರ್ಕಿನ ಡಿ ಟವರ್, ಮಕ್ಕಳಿಗೆ ಆನ್‌ಲೈನ್ ಪಾಠ ಮಾರುವ ಬೈಜೂಸ್ ಕಂಪನಿಯ ವಿಳಾಸ. ಅಪ್ಪ ಅಮ್ಮಂದಿರು ಮುಂಗಡ ಕಟ್ಟಿ, ಎಷ್ಟೋ ಮಂದಿ ಸಾಲ ಮಾಡಿ ಕೊಂಡದ್ದು ಎರಡು ಮೂರು ವರ್ಷದ ಪಾಠ. ಒತ್ತಾಯದ ಮಾರಾಟದ ದೂರುಗಳ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಕಂಪನಿಯ ಮುಖ್ಯಸ್ಥರಿಗೆ ಸಮನ್ಸ್ ಕೊಟ್ಟಿತು. 2024ರ ಜುಲೈ 16ಕ್ಕೆ, ಕ್ರಿಕೆಟ್ ಮಂಡಳಿಗೆ ಬರಬೇಕಿದ್ದ ಸುಮಾರು 158 ಕೋಟಿ ರೂಪಾಯಿ ಬಾಕಿಯ ಮೇಲೆ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಅದನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ದಿವಾಳಿ ಕಾನೂನಿನಲ್ಲಿ ಒಂದು ಏರ್ಪಾಡಿದೆ: ಪ್ರಕ್ರಿಯೆ ಶುರುವಾದ ಕೂಡಲೇ ಕಂಪನಿಯ ಮೇಲಿನ ಉಳಿದ ದಾವೆಗಳೆಲ್ಲ ತಡೆಯಾಗುತ್ತವೆ, ಬಾಕಿ ಇರುವವರೆಲ್ಲ ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನ ಮುಂದೆ ದೊಡ್ಡ ಸಾಲ ಕೊಟ್ಟವರು, ಎಲ್ಲೋ ಹಿಂದೆ ಟ್ಯಾಬ್ ಹಿಡಿದುಕೊಂಡ ಪೋಷಕರು. ಇದೇ ಡಿ ಟವರ್ ಏಥರ್ ಸ್ಕೂಟರ್ ಕಂಪನಿಯ ವಿಳಾಸವೂ ಹೌದು. ಅದರ ಕೆಲವು ಮಾದರಿಗಳಲ್ಲಿ ‘ಪ್ರೊ ಪ್ಯಾಕ್’ಗೆ ಬೇರೆ ದುಡ್ಡು ಕೊಟ್ಟ ಮೇಲೆಯೇ ಕೆಲವು ಸೌಲಭ್ಯ ತೆರೆದುಕೊಳ್ಳುತ್ತವೆ. ಇದನ್ನು ಮುಂಚಿತವಾಗಿ ಹೇಳಿಯೇ ಮಾರುತ್ತಾರೆ, ಆದ್ದರಿಂದ ಇದು ಮೋಸವಲ್ಲ. ಆದರೆ ಗಾಡಿ ಕೂಡ ಸ್ಕಿನ್ನಿನ ದಾರಿ ಹಿಡಿದಿರುವುದಂತೂ ಕಾಣುತ್ತದೆ. ಸ್ವಲ್ಪ ಆಚೆಗೆ ಕೋರಮಂಗಲದ ಓಲಾ ಎಲೆಕ್ಟ್ರಿಕ್‌ಗೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ ಬಂದ 10,644 ದೂರುಗಳ ಮೇಲೆ. ಗಾಡಿಯ ದೂರುಗಳು ಲೆಕ್ಕಕ್ಕೆ ಬಂದವು, ಯಾಕೆಂದರೆ ಅವನ್ನು ದಾಖಲಿಸಿದವರಿದ್ದರು. ಆಟದ ದೂರು ಬಹುಮಟ್ಟಿಗೆ ಗೆಳೆಯರ ವಾಟ್ಸಾಪ್ ಗುಂಪಿನಲ್ಲೇ ಸಾಯುತ್ತದೆ.

ದೂರಲು ಜಾಗ ಇಲ್ಲದೆ ಏನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇ-ಕಾಮರ್ಸ್ ಎಂಬುದನ್ನು ವಿವರಿಸುವಾಗಲೇ ಡಿಜಿಟಲ್ ಉತ್ಪನ್ನಗಳನ್ನೂ ಸೇರಿಸಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕನನ್ನು ಯಾಮಾರಿಸುವ ಪರದೆ ವಿನ್ಯಾಸಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂದು ಕರೆದು, ಸುಳ್ಳು ಅವಸರ, ಚಂದಾದ ಬಲೆ ಮುಂತಾಗಿ 13 ಬಗೆಗಳನ್ನು 2023ರ ನವೆಂಬರ್‌ನಲ್ಲಿ ನಿಷೇಧಿಸಲಾಗಿದೆ. ಇಂಥದ್ದಕ್ಕೆ ಬೀಳಬಹುದಾದ ಪೆಟ್ಟು ಸಣ್ಣದೇನಲ್ಲ: ಫೋರ್ಟ್‌ನೈಟ್ ಆಟದ ಎಪಿಕ್ ಕಂಪನಿ ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ ದುಡ್ಡು ಕಿತ್ತಿತು, ಕಾರ್ಡ್ ಕಂಪನಿಗೆ ದೂರಿದವರ ಖಾತೆಗೇ ಬೀಗ ಹಾಕಿತು ಎಂಬ ಆರೋಪದ ಮೇಲೆ, ಅದು ಗ್ರಾಹಕರಿಗೆ 24.5 ಕೋಟಿ ಡಾಲರ್ ಹಿಂದಿರುಗಿಸಲು 2022ರಲ್ಲಿ ಅಮೆರಿಕದಲ್ಲಿ ಒಪ್ಪಬೇಕಾಯಿತು.

ಇಲ್ಲಿನ ಹುಡುಗನೊಬ್ಬ ಮಾಡಬೇಕಾದದ್ದು ಇಷ್ಟೇ: ದುಡ್ಡು ಕಟ್ಟಿದಾಗ ಬಂದ ಇಮೇಲ್ ರಸೀದಿ ಅಳಿಸದಿರುವುದು, ಖಾತೆಯ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡುವುದು, ಮೊದಲು ಕಂಪನಿಗೆ ಬರೆದು, ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ತಾನು ವಾಸವಿರುವ ಊರಿನಲ್ಲೇ ದೂರು ಹಾಕಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಡ್ಡಾಯವಿಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ಅದೊಂದೇ ಗಡುವು. ಇನ್ನೂರು ರೂಪಾಯಿಗಾಗಿ ಯಾರು ಅಲೆಯುತ್ತಾರೆ ಎಂಬುದು ನಿಜವೇ, ಕಂಪನಿಗಳ ಧೈರ್ಯವೂ ಅದೇ. ಅದಕ್ಕೇ ಕಾಯ್ದೆ ಒಂದೇ ಬಗೆಯ ನಷ್ಟವಾದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರುವ ಅವಕಾಶ ಇಟ್ಟಿದೆ. ಒಂದು ಪಿಜಿಯ ಒಂದು ಮಹಡಿಯಲ್ಲೇ ಅಂಥ ಹತ್ತು ಜನ ಸಿಗಬಹುದು.

ಇಷ್ಟಾದರೂ ಈ ನಿಯಮಗಳಲ್ಲಿ ಒಂದು ಸಾಲು ಕಾಣುವುದಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2020ರ ನಿಯಮಗಳಿಗೆ ಅದನ್ನು ಸೇರಿಸಬೇಕು: ಸರ್ವರ್ ಬೇಕಾಗುವ ಯಾವ ಸರಕನ್ನೇ ಮಾರಲಿ, ಬೆಲೆಯ ಪಕ್ಕದಲ್ಲೇ ಅದು ಕಡಿಮೆಯೆಂದರೆ ಎಂದಿನವರೆಗೆ ನಡೆಯುತ್ತದೆ ಎಂಬ ತಾರೀಖು ಇರಬೇಕು. ಆ ತಾರೀಖಿಗೆ ಮುಂಚೆ ಯಾವ ಕಾರಣಕ್ಕೇ ನಿಂತರೂ ಉಳಿದ ಅವಧಿಯ ಹಣ, ಖರ್ಚಾಗದ ನಾಣ್ಯದ ಹಣ, ಕಟ್ಟಿದವರ ಖಾತೆಗೆ ಅರ್ಜಿಯಿಲ್ಲದೆ ಮರಳಬೇಕು. ಹಾಲಿನ ಪ್ಯಾಕೆಟ್ಟಿನ ಮೇಲೆ, ಮಾತ್ರೆಯ ಹಾಳೆಯ ಮೇಲೆ ತಾರೀಖು ಅಚ್ಚು ಹಾಕಿಸುವುದು ಸರ್ಕಾರಕ್ಕೆ ಹೊಸ ಕೆಲಸವೇನಲ್ಲ.