ಇಬ್ಬನಿಗೂ ಜಗ್ಗದೆ ಗ್ರಹ ಹುಡುಕುವ ಕ್ಯಾಮೆರಾ

ವಿಜಯಸಾರಥಿ ನಕ್ಷತ್ರಪುಂಜದಲ್ಲಿ ಬರಿಗಣ್ಣಿಗೆ ಕಾಣದ ಒಂದು ನಕ್ಷತ್ರವಿದೆ. ಸುಮಾರು 26 ಗಂಟೆಗೊಮ್ಮೆ ಅದರ ಬೆಳಕು ಶೇ 1.4ರಷ್ಟು ಕುಂದಿ, ಮೂರು ಗಂಟೆಯಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಗುರುವಿಗಿಂತ ದೊಡ್ಡ ಗ್ರಹವೊಂದು ಅದರೆದುರು ಹಾದುಹೋಗುವುದೇ ಕಾರಣ. 2008ರಲ್ಲಿ ಪ್ರಕಟವಾದ ಈ ವಾಸ್ಪ್-12ಬಿ ಗ್ರಹದ ಸುಳಿವು ಕೊಟ್ಟಿದ್ದು ದೈತ್ಯ ದೂರದರ್ಶಕವಲ್ಲ, ಛಾಯಾಗ್ರಾಹಕರು ಬಳಸುವಂಥ 200 ಮಿಲಿಮೀಟರ್ ಲೆನ್ಸ್. ಸ್ಪೇನ್‌ನ ಲಾ ಪಾಲ್ಮಾ ದ್ವೀಪದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಅಂಥ ಎಂಟೆಂಟು ಕ್ಯಾಮೆರಾಗಳ ಸ್ವಯಂಚಾಲಿತ ಠಾಣೆಗಳು ನೂರಕ್ಕೂ ಹೆಚ್ಚು ಗ್ರಹಗಳನ್ನು ಪತ್ತೆ ಮಾಡಿವೆ.

ಅದೇ ಗ್ರಹವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರೂ ಅಳೆದು, ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿದರು. ಬಳಸಿದ ಎರಡು ದೂರದರ್ಶಕಗಳಲ್ಲಿ ಒಂದು ಲಡಾಖಿನ ಹಾನ್ಲೆಯದು. ಅದನ್ನು ನಡೆಸುವುದು ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ಇಂಥದೊಂದು ಕ್ಯಾಮೆರಾ ಠಾಣೆಯನ್ನು ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ಕಟ್ಟುವುದಾದರೆ? ಅನುಕೂಲಗಳು ನಿಜಕ್ಕೂ ಇವೆ. ಲಾ ಪಾಲ್ಮಾಕ್ಕಿಂತ ಇಲ್ಲಿ ಸುಮಾರು ಆರು ಗಂಟೆ ಮೊದಲೇ ಕತ್ತಲಾಗುವುದರಿಂದ, ಅಲ್ಲಿ ಹಗಲಲ್ಲಿ ತಪ್ಪಿಹೋದ ಮಂಕಾಗುವಿಕೆ ಇಲ್ಲಿ ಸಿಗಬಹುದು. 13 ಡಿಗ್ರಿ ಉತ್ತರ ಅಕ್ಷಾಂಶವಾದ್ದರಿಂದ ದಕ್ಷಿಣದ ಆಕಾಶವೂ ಬಹುಪಾಲು ಕಾಣುತ್ತದೆ. ಡಿಸೆಂಬರ್, ಜನವರಿಯ ನಡುರಾತ್ರಿ ವಿಜಯಸಾರಥಿ ಇಲ್ಲಿ ಎತ್ತರದಲ್ಲಿರುತ್ತದೆ.

ಕಷ್ಟವಿರುವುದು ಲೆನ್ಸಿನಲ್ಲಲ್ಲ, ಛಾವಣಿಯಲ್ಲಿ. ಯಾರೂ ಇಲ್ಲದ ಹೊತ್ತಿನಲ್ಲಿ ಅದನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು? ಆಕಾಶಕ್ಕೆ ಮುಖ ಮಾಡಿದ ಅತಿಗೆಂಪು ಸಂವೇದಕಕ್ಕೆ ತಿಳಿಯಾದ ಬಾನು ತೀರ ತಣ್ಣಗೆ ಕಾಣುತ್ತದೆ. ಮೋಡ ಕವಿದರೆ ಅಳತೆ ತಟ್ಟನೆ ಏರುತ್ತದೆ, ಛಾವಣಿ ಜಾರಿ ಮುಚ್ಚಿಕೊಳ್ಳುತ್ತದೆ. ಏಪ್ರಿಲ್, ಮೇ ಸಂಜೆಯ ಗುಡುಗುಮಳೆಗೆ ಕರೆಂಟ್ ಹೋದರೂ ಮುಚ್ಚುವಷ್ಟು ಬ್ಯಾಟರಿ ಬೇಕು, ಸಿಡಿಲು ತಡೆಯುವ ಭೂಸಂಪರ್ಕವೂ ಬೇಕು. ಮಲೆನಾಡಿನ ಅಂಚಿನ ಬೇಲೂರಿನಲ್ಲಿ, ಕೆರೆಯಂಗಳದ ಹಳೇಬೀಡಿನಲ್ಲಿ ಚಳಿಗಾಲದ ಇಬ್ಬನಿ ಗಾಜಿನ ಮೇಲೆ ಕೂರುತ್ತದೆ. ಲೆನ್ಸಿಗೆ ಸಣ್ಣ ಶಾಖಪಟ್ಟಿ ಸುತ್ತಲೇಬೇಕು. ಒಣಸೀಮೆಯ ಅರಸೀಕೆರೆಯೇ ವಾಸಿ, ಆದರೆ ಅಲ್ಲಿ ತೆಂಗಿನ ತೋಟದ ನಡುವೆ ನಿಲ್ಲಿಸದೆ ಬೋಳು ದಿಬ್ಬ ಹುಡುಕಬೇಕು.

ಚಿತ್ರ ಸ್ಫುಟವಾಗಿರಲೇಬೇಕೆಂದಿಲ್ಲ ಎಂಬುದು ಹೊಸಬರಿಗೆ ಅಚ್ಚರಿ. ಫೋಕಸ್ ತುಸು ಸಡಿಲಿಸಿದರೆ ನಕ್ಷತ್ರದ ಬೆಳಕು ಹಲವು ಪಿಕ್ಸೆಲ್‌ಗಳಿಗೆ ಹಂಚಿಕೊಂಡು ಅಳತೆಯ ದೋಷ ತಗ್ಗುತ್ತದೆ. ಅಕ್ಕಪಕ್ಕದ ನಕ್ಷತ್ರಗಳೂ ಒಟ್ಟಿಗೇ ಮಂಕಾದರೆ ತೆಳುಮೋಡ. ಒಂದೇ ಮಂಕಾದರೆ ಗ್ರಹವಿರಬಹುದು. ಭೂಮಿಯಷ್ಟು ಚಿಕ್ಕ ಗ್ರಹ ಸೂರ್ಯನಂಥ ನಕ್ಷತ್ರದ ಬೆಳಕನ್ನು ಶೇ 0.01ರಷ್ಟೂ ತಗ್ಗಿಸದು. ವಾತಾವರಣದ ಕದಲಿಕೆಯಲ್ಲಿ ಅದು ಮುಳುಗಿಹೋಗುತ್ತದೆ. ಇಲ್ಲಿ ಬೇಟೆ ಏನಿದ್ದರೂ ದೊಡ್ಡ ಗ್ರಹಗಳದ್ದು.

ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರಗಳೂ ಇದೇ ಬಗೆಯಲ್ಲಿ ಮಂಕಾಗಿ ದಾರಿ ತಪ್ಪಿಸುತ್ತವೆ. ಹಾಗಾಗಿ ಪ್ರತಿ ಸುಳಿವನ್ನೂ ದೊಡ್ಡ ದೂರದರ್ಶಕಕ್ಕೆ ಒಪ್ಪಿಸಿ, ನಕ್ಷತ್ರದ ಓಲಾಟದಿಂದ ಗ್ರಹದ ತೂಕ ಕಂಡುಕೊಳ್ಳಬೇಕು. ಮೌಂಟ್ ಅಬುವಿನ ‘ಪಾರಸ್’ ಉಪಕರಣ 2018ರಲ್ಲಿ ಹೀಗೆಯೇ, ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ಸುಳಿವೊಂದನ್ನು ಹಿಡಿದು, ಭೂಮಿಯ ಸುಮಾರು 27 ಪಟ್ಟು ತೂಗುವ ಗ್ರಹವನ್ನು ಖಚಿತಪಡಿಸಿತು.