ಕಳವೋ, ಪರಂಪರೆಯೋ?



ಕೆಲವು ದಿನಗಳ ಕೆಳಗೆ ಜನ್ನಾಪುರದ ನಮ್ಮ ಮನೆಯಲ್ಲಿ ಎಲ್ಲರೂ ಕುಳಿತು ‘ಘಟಶ್ರಾದ್ಧ’ವೆಂಬ ಕನ್ನಡ ಚಲಚ್ಚಿತ್ರವನ್ನು ನೋಡಿದೆವು. ಚಿತ್ರವು ಮುಗಿಯುತ್ತಲೇ ಕಿರಿಯ ಮಗಳು, “ಅಪ್ಪಾ, ಈ ನಾಣಿಯನ್ನು ಕಂಡರೆ ಮೊನ್ನೆ ನೋಡಿದ ಬಂಗಾಳಿ ಚಿತ್ರದ ಅಪುವಿನ ನೆನಪಾಗುತ್ತದೆ. ಇದು ಅಲ್ಲಿಂದ ಕದ್ದದ್ದೇನು?” ಎಂದು ಕೇಳಿದಳು. ಕೂಡಲೆ ಉತ್ತರ ಹೇಳಲಾರದೆ ಸುಮ್ಮನಾದೆನು. ‘ಕದ್ದದ್ದು’ ಎಂಬ ಮಾತು ನನ್ನ ಹಳೆಯ ತಪ್ಪೊಂದನ್ನು ಕೆದಕಿತು. ಅದನ್ನು ಕಡೆಯಲ್ಲಿ ಅರಿಕೆಮಾಡುವೆನು.

‘ಘಟಶ್ರಾದ್ಧ’ದ ದಿಗ್ದರ್ಶಕರಾದ ಗಿರೀಶ ಕಾಸರವಳ್ಳಿಯವರು ನಮ್ಮ ಜಿಲ್ಲೆಯವರೇ; ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ೧೯೫೦ರಲ್ಲಿ ಜನಿಸಿದರು. ಪುಣೆಯ ಚಲಚ್ಚಿತ್ರ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ಇವರಿಗೆ ಸತ್ಯಜಿತ ರಾಯ್, ಜಪಾನಿನ ಓಜು, ಕುರೋಸಾವ ಮೊದಲಾದವರು ಗುರುಸ್ಥಾನದಲ್ಲಿರುವರು. ಓಜುವಿನ ‘ಟೋಕಿಯೋ ಸ್ಟೋರಿ’ (೧೯೫೩) ಎಂಬ ಚಿತ್ರದಲ್ಲಿ ವೃದ್ಧ ದಂಪತಿಗಳು ಮಕ್ಕಳನ್ನು ಕಾಣಲು ಪಟ್ಟಣಕ್ಕೆ ಬರುತ್ತಾರೆ, ಮಕ್ಕಳಿಗೆ ಬಿಡುವಿಲ್ಲ. ಕಥೆ ಇಷ್ಟೇ. ಚಾಪೆಯ ಮೇಲೆ ಕುಳಿತವನಂತೆ ಕ್ಯಾಮರಾ ಕದಲದೆ ನೋಡುತ್ತಿರುವುದು. ಅಬ್ಬರವಿಲ್ಲದ ಈ ಸರಳತೆಯು ಕಾಸರವಳ್ಳಿಯವರ ಮನಸ್ಸನ್ನು ಸೆರೆಹಿಡಿಯಿತು.

ಸ್ವದೇಶದ ಋಣವೂ ಅಲ್ಪವಲ್ಲ. ಅನಂತಮೂರ್ತಿಯವರ ಕಾದಂಬರಿಯಿಂದ ೧೯೭೦ರಲ್ಲಿ ‘ಸಂಸ್ಕಾರ’ ಚಿತ್ರವಾದಾಗ, ಆಸ್ಟ್ರೇಲಿಯದ ಟಾಮ್ ಕೋವನ್ ಎಂಬ ಛಾಯಾಗ್ರಾಹಕನಿಗೆ ಸಹಾಯಕರಾಗಿದ್ದವರು ಎಸ್. ರಾಮಚಂದ್ರರು. ಅವರೇ ಮುಂದೆ ‘ಘಟಶ್ರಾದ್ಧ’ದ ಛಾಯಾಗ್ರಾಹಕರಾದರು. ಕಾಸರವಳ್ಳಿಯವರೋ, ಬಿ. ವಿ. ಕಾರಂತರ ‘ಚೋಮನ ದುಡಿ’ಗೆ (೧೯೭೫) ಸಹಾಯಕರಾಗಿ ದುಡಿದರು, ಆ ಕಾರಂತರೇ ‘ಘಟಶ್ರಾದ್ಧ’ಕ್ಕೆ ಸಂಗೀತವನ್ನೊದಗಿಸಿದರು. ಹೀಗೆ ಒಂದು ಚಿತ್ರದ ದೀಪದಿಂದ ಇನ್ನೊಂದರ ದೀಪವು ಹೊತ್ತಿತು.

ಇನ್ನು ಮಗಳ ಪ್ರಶ್ನೆಗೆ ಬರೋಣ. ೧೯೪೮ರ ಇಟಲಿಯ ‘ಬೈಸಿಕಲ್ ಥೀವ್ಸ್’ ಚಿತ್ರದಲ್ಲಿ ಸೈಕಲನ್ನು ಕಳೆದುಕೊಂಡ ಬಡವನೊಬ್ಬನು ಗತಿಗಾಣದೆ ತಾನೇ ಒಂದನ್ನು ಕದಿಯಹೋಗಿ ಸಿಕ್ಕಿಬೀಳುತ್ತಾನೆ. ಆ ಅಪಮಾನವನ್ನು ಅವನ ಚಿಕ್ಕ ಮಗನು ಕಣ್ಣಾರೆ ಕಾಣುತ್ತಾನೆ. ಕಂಡು, ತಂದೆಯ ಕೈಹಿಡಿಯುತ್ತಾನೆ. ೧೯೫೦ರಲ್ಲಿ ಲಂಡನ್ನಿನಲ್ಲಿ ಈ ಚಿತ್ರವನ್ನು ನೋಡಿದ ರಾಯ್ ಅವರು ತಾವೂ ಹೀಗೆಯೇ, ನಿಜವಾದ ಊರುಕೇರಿಗಳಲ್ಲಿ, ಚಿತ್ರ ತೆಗೆಯಬೇಕೆಂದು ನಿಶ್ಚಯಿಸಿದರು. ೧೯೫೫ರಲ್ಲಿ ‘ಪಥೇರ್ ಪಾಂಚಾಲಿ’ ಹೊರಬಂದಿತು. ಅದರಲ್ಲಿ ಬಾಲಕ ಅಪುವು, ಸತ್ತ ಅಕ್ಕ ಹಿಂದೊಮ್ಮೆ ಕದ್ದಿಟ್ಟಿದ್ದ ಸರವನ್ನು ಕಂಡು, ಯಾರಿಗೂ ಹೇಳದೆ ಕೊಳಕ್ಕೆಸೆಯುತ್ತಾನೆ. ೧೯೭೭ರ ‘ಘಟಶ್ರಾದ್ಧ’ದಲ್ಲಿ ಅಗ್ರಹಾರದ ಪಾಠಶಾಲೆಗೆ ಬಂದ ನಾಣಿಯು, ಗರ್ಭವತಿಯಾದ ವಿಧವೆ ಯಮುನಕ್ಕನನ್ನು ಹೆತ್ತ ತಂದೆಯೇ ಜೀವದಿಂದಿರುವಾಗ ಸತ್ತವಳೆಂದು ಕ್ರಿಯೆಮಾಡಿ ಹೊರಹಾಕುವುದನ್ನು ನೋಡುತ್ತಾನೆ.

ಮೂವರೂ ನೋಡುವ ಬಾಲಕರು; ಹಿರಿಯರ ಸಂಕಟಕ್ಕೆ ಮೂಕ ಸಾಕ್ಷಿಗಳು. ನಾಣಿಯು ಅನಂತಮೂರ್ತಿಯವರ ಕಥೆಯಲ್ಲಿಯೇ ಇದ್ದವನು, ದಿಟ. ಆದರೆ ಮಗುವಿನ ಮೌನದಿಂದಲೇ ಲೋಕಕ್ಕೆ ತೀರ್ಪು ಹೇಳಿಸುವ ಬಗೆಯು ಆ ಹಿಂದಿನ ಚಿತ್ರಗಳು ತುಳಿದ ದಾರಿಯೆಂದು ನನಗೆ ತೋರುವುದು. ಹಾಗಾದರೆ ಇದು ಕಳವೇ?

ಸಾವಿರ ವರ್ಷಗಳಿಗೂ ಹಿಂದೆ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಇದನ್ನು ವಿಚಾರಿಸಿರುವನು. ಕೃತಿಗಳ ಹೋಲಿಕೆಯು ಮೂರು ವಿಧ: ಕನ್ನಡಿಯ ಪ್ರತಿಬಿಂಬದಂತಿರುವುದು, ಬರೆದ ಚಿತ್ರದಂತಿರುವುದು, ಇಬ್ಬರು ಜೀವಂತ ಮನುಷ್ಯರ ದೇಹಸಾದೃಶ್ಯದಂತಿರುವುದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ, ಎರಡನೆಯದರ ಆತ್ಮವು ತುಚ್ಛ. ಇವೆರಡನ್ನೂ ಕವಿಯು ಬಿಡತಕ್ಕದ್ದು. ಮೂರನೆಯದನ್ನು ಬಿಡಬೇಕಾದುದಿಲ್ಲ; ಅಲ್ಲಿ ರೂಪವು ಹೋಲಿದರೂ ಪ್ರಾಣವು ಬೇರೆ. ಅಪು, ನಾಣಿಯರ ಹೋಲಿಕೆ ಇಂತಹುದು. ಬಂಗಾಳದ ಬಡತನ ಬೇರೆ, ಮಲೆನಾಡಿನ ಅಗ್ರಹಾರದ ಕಟ್ಟಳೆ ಬೇರೆ.

‘ಘಟಶ್ರಾದ್ಧ’ಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವು ದೊರೆಯಿತು. ೧೯೯೧ರಲ್ಲಿ ಅದೇ ಕಥೆಯಿಂದ ಅರುಣ ಕೌಲರು ಹಿಂದಿಯಲ್ಲಿ ‘ದೀಕ್ಷಾ’ ಚಿತ್ರವನ್ನು ತೆಗೆದರು. ೨೦೨೪ರಲ್ಲಿ ‘ಘಟಶ್ರಾದ್ಧ’ದ ಜೀರ್ಣೋದ್ಧಾರವಾಗಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಹಳೆಯ ಚಿತ್ರ ಉಳಿದರಲ್ಲವೆ, ಮುಂದಿನವರಿಗೆ ನೋಡುವ ಕಣ್ಣು ದೊರೆಯುವುದು?

ಇನ್ನು ನನ್ನ ತಪ್ಪು. ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನು ಕಥೆಯೊಂದನ್ನು ಬರೆದು ತಂದನು. ಸಾಲ ಕೊಟ್ಟವನಿಗೆ ಇಂಥ ದಿನ ಬರುವೆನೆಂದು ಮಾತು ಕೊಟ್ಟ ತಂದೆ, ರಾತ್ರಿಯ ಪಾಳಿ ಮುಗಿಸಿ ಮನೆಗೆ ಬಂದು, ಮಲಗಿದ್ದ ಮಕ್ಕಳನ್ನು ನೋಡಿ, ಬರಿಗೈಯಲ್ಲಿಯೇ ಮಾತು ಉಳಿಸಿಕೊಳ್ಳಲು ಹೊರಡುವುದು ಕಥೆ. ನಾನು ತರಗತಿಯೆದುರಿಗೆ, “ಇದು ಪುಣ್ಯಕೋಟಿಯ ಕಥೆಯ ಕಳವು” ಎಂದು ಪುಸ್ತಕವನ್ನು ಹಿಂದಕ್ಕೆಸೆದೆನು. ಹುಡುಗನು ತಲೆತಗ್ಗಿಸಿ ಎತ್ತಿಕೊಂಡನು. ಮತ್ತೆಂದೂ ಅವನು ಕಥೆ ತರಲಿಲ್ಲ. ಧ್ವನ್ಯಾಲೋಕವನ್ನು ಆಗಲೇ ಓದಿದ್ದೆನು, ಓದಿಯೂ ಕುರುಡನಾಗಿದ್ದೆನು. ಹಸುವಿನ ಜಾಡಿನಲ್ಲಿ ಅವನು ಬರೆದದ್ದು ತನ್ನ ತಂದೆಯನ್ನೇ ಇರಬೇಕೆಂದು ಈಗ ತೋರುತ್ತದೆ.

ಆದಕಾರಣ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ಮಕ್ಕಳು ಯಾವುದನ್ನೋ ನೋಡಿ, ಓದಿ, ಅದರಂತೆ ಏನನ್ನಾದರೂ ಮಾಡಿ ತಂದರೆ, “ಎಲ್ಲಿಂದ ತಂದೆ?” ಎಂದು ಗದರಿಸುವ ಮುನ್ನ, “ಇದರಲ್ಲಿ ನಿನ್ನದೇನಿದೆ, ತೋರಿಸು” ಎಂದು ಕೇಳಿರಿ. ಮಗಳಿಗೂ ಅದನ್ನೇ ಹೇಳಿದೆನು. ಅವಳು ‘ಘಟಶ್ರಾದ್ಧ’ವನ್ನು ಇನ್ನೊಮ್ಮೆ ನೋಡಲು ಕುಳಿತಳು.